ಇಪ್ಪತ್ತೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ

ಹನ್ನೆರಡನೇ ತಾರೀಖು
ಭಾನುವಾರ ಮಧ್ಯಾಹ್ನ

ಇವಳೇ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಬಾಯಿಗೆ ರೂಢಿಯಾದ ಮಾತು, ಪೆನ್ನಿಗೂ ಅದೇ ಬಂತು. ನೀನಂತೂ ಲಕೋಟೆಯ ಮೇಲೆ ‘ಟೈಲ್ಸ್ ಮೇಸ್ತ್ರಿಯವರಿಗೆ’ ಎಂದು ಬರೆದಿದ್ದೀಯ. ಅಂಚೆಯವನು ಅದನ್ನು ಓದಿ, “ಏನ್ ಮೇಸ್ತ್ರಿ, ಗಿರಾಕಿಗಳು ಈಗ ಕಾಗದ ಬರೆದು ಕೆಲ್ಸ ಕೊಡ್ತಾರಾ?” ಎಂದು ನಕ್ಕ. ನಾನೂ ನಕ್ಕೆ. ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ತಿಳಿದಿತ್ತು, ಆದರೆ ಅವನೆದುರು ಹೇಳಲಿಲ್ಲ.

ಹದಿನಾಲ್ಕು ತಿಂಗಳ ಮೇಲೆ ನಿನ್ನಿಂದ ಬಂದದ್ದು ಏಳು ಸಾಲು. ತಂಗಿಯ ಮನೆಯ ಹಿಂಭಾಗದಲ್ಲಿ ನೀನಿರುವ ಕೋಣೆಗೆ ಮುಂಬಾಗಿಲಿನಿಂದ ಒಂದು ಪ್ಯಾಸೇಜು, ಇಪ್ಪತ್ತೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ. ಎರಡು ನಾಯಿ, ಒಂದು ಬೆಕ್ಕು. ನಾಯಿಗಳಲ್ಲಿ ಒಂದಕ್ಕೆ ಮೂರೇ ಕಾಲು. ಹಳೆಯ ಸಿಮೆಂಟು ನೆಲ ಪುಡಿಯೆದ್ದು ಹೋಗುತ್ತಿದೆ. ಉಗುರಿಗೆ ಕೆಡದ, ಉಚ್ಚೆಗೆ ಕಲೆಯಾಗದ, ಕಾಲು ಜಾರದ, ಬಹುಕಾಲ ಬಾಳುವ ನೆಲ ಯಾವುದು? ಫೋನ್ ಮಾಡಬೇಡಿ, ಬರೆದು ಕಳಿಸಿ. ಆಮೇಲೆ ಕೊನೆಯ ಸಾಲು: ‘ಗೇಟಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಕೀಲು ಹಾಕಿಸಬೇಕೆಂದಿದ್ದೇನೆ, ಯಾವುದು ಒಳ್ಳೆಯದು ತಿಳಿಸಿ. ನನ್ನ ಕೈಯನ್ನು ನಾನು ನಂಬುವುದಿಲ್ಲ.’

ನೆಲದ ಪ್ರಶ್ನೆಗೆ ಅವತ್ತೇ ಅರ್ಧ ಗಂಟೆಯಲ್ಲಿ ಉತ್ತರ ಬರೆದು ಮುಗಿಸಿದೆ. ಈ ಕೊನೆಯ ಸಾಲಿಗೆ ಹನ್ನೊಂದು ದಿನ ಹಿಡಿಯಿತು. ಮೊದಲು ನೆಲದ ವಿಷಯ ಓದಿಬಿಡು. ಅದರಲ್ಲಿ ನಾನು ಸುಳ್ಳು ಹೇಳುವವನಲ್ಲ, ಅಷ್ಟನ್ನು ನೀನೂ ಒಪ್ಪುತ್ತೀಯ.

ಮೊದಲನೆಯದಾಗಿ, ಅಳತೆಯನ್ನು ನಿನ್ನ ಹೊಲಿಗೆ ಟೇಪಿನಿಂದ ತೆಗೆದಿರುತ್ತೀಯ. ಆ ಹಳದಿ ಟೇಪು ನಮ್ಮ ಮದುವೆಗಿಂತ ಹಳೆಯದು, ಎಳೆದೆಳೆದು ಉದ್ದವಾಗಿದೆ. ನಿನ್ನ ಗಿರಾಕಿಗಳಿಗೆಲ್ಲ ಅಂಗಿ ಯಾಕೆ ಸಡಿಲ ಎಂದು ಯಾರೂ ಕೇಳದಿರುವುದು ನಿನ್ನ ಪುಣ್ಯ. ಉಕ್ಕಿನ ಟೇಪು ಇಸಿದುಕೊಂಡು ಇನ್ನೊಮ್ಮೆ ಅಳೆ. ಆ ತುದಿ ಈ ತುದಿ ಮಾತ್ರವಲ್ಲ, ನಡುವೆಯೂ ಅಗಲ ಹಿಡಿದು ನೋಡು. ಗೋಡೆ ನೆಟ್ಟಗಿರುವ ಮನೆಯನ್ನು ನಾನಂತೂ ಈವರೆಗೆ ಕಂಡಿಲ್ಲ.

ಮರದ ಹಲಗೆಯಂತೆ ಕಾಣುವ ಹಾಸು ಬೇಡ. ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ಕೈಯಾಡಿಸಿದರೆ ಬೆಚ್ಚಗಿರುತ್ತದೆ. ನಾಯಿ ನಾಲ್ಕು ಸಲ ಒಂದೇ ಜಾಗದಲ್ಲಿ ಒದ್ದೆ ಮಾಡಿತೆಂದರೆ ಜೋಡಣೆಯ ಸಂದು ಉಬ್ಬಿ ಹಪ್ಪಳದ ಹಾಗೆ ಎದ್ದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯ ನೆಲಕ್ಕೆ ಬೆಕ್ಕಿನ ಉಗುರೇ ಶತ್ರು. ಕಾರ್ಪೆಟ್ಟಿನ ಮಾತೇ ಎತ್ತಬೇಡ. ಅಮೃತಶಿಲೆ ಉಚ್ಚೆಯ ಖಾರಕ್ಕೆ ಸುಟ್ಟ ಹಾಗೆ ಮಂಕಾಗುತ್ತದೆ, ಆ ಮಂಕು ಮತ್ತೆ ಹೋಗುವುದಿಲ್ಲ. ಹೊಳಪಿನ ಟೈಲ್ಸು ಯಾವ ಕಾರಣಕ್ಕೂ ಬೇಡ. ಪುಕ್ಕಟೆ ಕೊಟ್ಟರೂ ಬೇಡ.

ಹೊಳಪಿಲ್ಲದ ಮ್ಯಾಟ್ ಟೈಲ್ಸು ತೆಗೆದುಕೋ. ಅದರಲ್ಲೂ ಮೇಲಿನಿಂದ ಅಡಿಯವರೆಗೆ ಒಂದೇ ಬಣ್ಣ ಇರುವುದು, ಫುಲ್ ಬಾಡಿ ಎಂದು ಕೇಳು. ಗೀರಿದರೂ ಒಳಗೆ ಅದೇ ಬಣ್ಣವಾದ್ದರಿಂದ ಗೀರು ಎದ್ದು ಕಾಣುವುದಿಲ್ಲ. ಅಂಗಡಿಯವನ ಬಾಯಿಮಾತು ನಂಬಬೇಡ. ಒಂದು ಬಿಲ್ಲೆಯನ್ನು ನೆಲದ ಮೇಲೆ ಇಡಿಸಿ, ನೀರು ಚೆಲ್ಲಿಸಿ, ಬರಿಗಾಲಲ್ಲಿ ನಿಂತು ಹಿಮ್ಮಡಿ ತಿರುಗಿಸಿ ನೋಡು. ಬೀಗದ ಕೈಯಿಂದ ಗೀಚು. ಅವನು ಮುಖ ಗಂಟಿಕ್ಕಿದರೆ ಬೇರೆ ಅಂಗಡಿಗೆ ನಡೆ. ಬಣ್ಣ ಬಿಳಿಯೂ ಬೇಡ, ಕಪ್ಪೂ ಬೇಡ. ನಿನ್ನ ನಾಯಿಗಳ ಕೂದಲಿನ ಬಣ್ಣವೇ ಇರಲಿ, ದಿನಕ್ಕೆ ಮೂರು ಸಲ ಗುಡಿಸುವುದು ತಪ್ಪುತ್ತದೆ.

ಎರಡಡಿ ಚೌಕದ್ದಾದರೆ ಇಪ್ಪತ್ತೆರಡು ಬಿಲ್ಲೆ ಸರಿಯಾಗಿ ಕೂರುತ್ತದೆ. ಗೋಡೆಯ ಬುಡಕ್ಕೆ ನಾಲ್ಕಿಂಚಿನ ಪಟ್ಟಿ ಕತ್ತರಿಸಲು ನಾಲ್ಕು, ಒಡೆದರೆ ಇರಲಿ ಎಂದು ನಾಲ್ಕು, ಒಟ್ಟು ಮೂವತ್ತು ತರಿಸು. ಬೆಕ್ಕಿರುವ ಮನೆಗೆ ಗೋಡೆಯ ಪಟ್ಟಿ ಬೇಕೇ ಬೇಕು. ಸಂದು ತುಂಬಲು ನೀರು ಹೀರದ ಎಪಾಕ್ಸಿ ಅಂಟೇ ಆಗಬೇಕು, ಸಿಮೆಂಟಿನ ಬಿಳಿ ಪುಡಿ ಬೇಡ. ಅದು ಹೀರಿಕೊಳ್ಳುತ್ತದೆ, ಕಲೆ ಒಳಕ್ಕೆ ಇಳಿಯುತ್ತದೆ. ಕೂರಿಸಿದ ಮಾರನೆಯ ದಿನ ಒಂದು ನಾಣ್ಯ ಹಿಡಿದು ಪ್ರತಿಯೊಂದನ್ನೂ ಕುಟ್ಟಿ ನೋಡು. ಗಟ್ಟಿ ಸದ್ದು ಬಂದರೆ ಸರಿ. ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಸಿಮೆಂಟು ತುಂಬಿಲ್ಲ ಎಂದರ್ಥ, ಆಗಲೇ ಕೀಳಿಸು. ಮೂರು ಕಾಲಿನವನಿಗೆ ಒಂದು ಮಾತು: ಉಗುರು ಬೆಳೆಯಲು ಬಿಡಬೇಡ, ಪಾದದಡಿಯ ಕೂದಲನ್ನು ನಿನ್ನ ಸಣ್ಣ ಕತ್ತರಿಯಲ್ಲಿ ಕತ್ತರಿಸುತ್ತಿರು. ನೆಲ ಎಷ್ಟೇ ಒರಟಾಗಿದ್ದರೂ ಪಾದ ನೆಲಕ್ಕೆ ಮುಟ್ಟಬೇಕಲ್ಲ.

ಇಷ್ಟನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಕೆಲಸಕ್ಕೆ ಬರುವವನ ಕೈಗೆ ಹಾಗೇ ಕೊಡಬಹುದು. ಇಲ್ಲಿಂದ ಮುಂದಿನದು ನಿನಗೆ.

ಇಷ್ಟೆಲ್ಲ ಗೊತ್ತಿದ್ದವನು ನಮ್ಮ ಮನೆಯ ಪ್ಯಾಸೇಜಿಗೆ ಏನು ಹಾಕಿದ್ದೆ ಎಂಬುದು ನಿನಗೆ ನೆನಪಿದೆ. ಕನ್ನಡಿಯಂಥ ಬಿಳಿ ಟೈಲ್ಸು, ಬಿಳಿ ಸಂದು. ‘ರೀ, ಮ್ಯಾನೇಜರ್ ಓಡಾಡೋ ಜಾಗ ಕಣ್ರೀ ಅದು, ಜಾರ್ತಾನೆ’ ಎಂದು ನಮ್ಮ ನಾಯಿಯ ಪರ ನೀನು ಹೇಳಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನಗಾಗಿಯೇ ಇತ್ತೇನೋ. ನೂರು ಮನೆಗೆ ಬೇಡವೆಂದು ಹೇಳಿದ್ದನ್ನು ನನ್ನ ಮನೆಗೆ ಹಾಕಿದೆ. ಕಾರಣ ನಿನಗೆ ಹೇಳಿದ್ದು ಬೇರೆ, ಗಟ್ಟಿ ಮಾಲು ಅಗ್ಗಕ್ಕೆ ಸಿಕ್ಕಿತು ಎಂದಿದ್ದೆ. ನಿಜ ಏನೆಂದರೆ, ನಲವತ್ತು ಮನೆಗಳ ಆ ಹೊಸ ಕಟ್ಟಡದ ಎಂಜಿನಿಯರು ‘ನಿಮ್ಮ ಕೈಕೆಲ್ಸ ಎಲ್ಲಾದ್ರೂ ನೋಡ್ಬೇಕಲ್ಲ ಮೇಸ್ತ್ರಿ’ ಅಂದಿದ್ದ. ಬೇರೆಯವರ ಮನೆಗೆ ಕರೆದುಕೊಂಡು ಹೋಗುವ ಬದಲು ನನ್ನ ಮನೆಯನ್ನೇ ತೋರಿಸಬೇಕು, ಬಾಗಿಲು ತೆರೆದ ಕೂಡಲೇ ಅವನ ಮುಖ ನೆಲದಲ್ಲಿ ಕಾಣಬೇಕು ಎಂಬ ಹುಚ್ಚು ಹತ್ತಿತ್ತು.

ಮ್ಯಾನೇಜರ್ ಮೊದಲ ದಿನವೇ ಜಾರಿ ಸೊಂಟ ಉಳುಕಿಸಿಕೊಂಡ. ನಾನು ಮರಳಿನ ರಾಶಿ ಜರಡಿ ಹಿಡಿಯುವಾಗ ಸಿಕ್ಕ ಮರಿ, ನೀನು ಹೊಲಿಗೆ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಎಂಟು ವರ್ಷ ದಿನಾ ಬೆಳಗ್ಗೆ ಪ್ಯಾಸೇಜಿನ ಈ ತುದಿಯಿಂದ ಆ ತುದಿಗೆ ಮೂಸುತ್ತ ತಪಾಸಣೆ ಮಾಡಿದವನು, ಅದಕ್ಕೇ ಆ ಹೆಸರು ಇಟ್ಟವನೇ ನಾನು. ಅಂಥವನು ಗೋಡೆಗೆ ಒರಗಿಕೊಂಡು ಮುದುಕನ ಹಾಗೆ ನಡೆಯತೊಡಗಿದ. ಆಮೇಲೆ ನಡೆಯುವುದನ್ನೇ ಬಿಟ್ಟು ಅಂಚಿನಲ್ಲಿ ಕೂತು ಹೆದರಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ. ನೀನು ಗೋಣಿಚೀಲ ಹಾಸುತ್ತಿದ್ದೆ, ನಾನು ತೆಗೆಯುತ್ತಿದ್ದೆ. ಆ ಬಿಳಿ ಸಂದಿನ ಮೇಲೆ ಹಳದಿ ಗೆರೆ ಬಿತ್ತು. ಹಲ್ಲುಜ್ಜುವ ಬ್ರಶ್ಶು ಹಿಡಿದು ನಾನು ಮಂಡಿಯೂರಿ ಉಜ್ಜುತ್ತಿದ್ದುದನ್ನು ನೀನು ನೋಡಿದ್ದೀಯ. ಉಜ್ಜುವಾಗ ಅವನನ್ನು ಏನೇನು ಬೈದೆ ಎಂಬುದನ್ನೂ ಕೇಳಿದ್ದೀಯ.

ಈಗ ನೀನು ನೋಡದಿರುವುದನ್ನು ಬರೆಯುತ್ತೇನೆ. ಇಲ್ಲಿ ಮೂರು ಸಲ ‘ಕ್ಷಮಿಸು’ ಎಂದು ಬರೆದು ಹೊಡೆದುಹಾಕಿದ್ದೇನೆ, ಆ ಗೀಟುಗಳು ಅದರವು. ಮೊದಲು ವಿಷಯ ತಿಳಿಯಲಿ, ಕ್ಷಮೆಯ ಮಾತು ಆಮೇಲೆ ನಿನ್ನ ಇಷ್ಟ.

ಎಂಜಿನಿಯರು ಬರಬೇಕಿದ್ದುದರ ಮುನ್ನಾದಿನ ಮಧ್ಯಾಹ್ನ ನೀನು ಗುಂಡಿ, ನೂಲು ತರಲು ಪೇಟೆಗೆ ಹೋಗಿದ್ದೆ. ನಾನು ಊಟಕ್ಕೆ ಬಂದೆ. ಬೆಳಗ್ಗೆಯಷ್ಟೇ ಉಜ್ಜಿದ್ದ ಸಂದು ಮತ್ತೆ ಒದ್ದೆಯಾಗಿತ್ತು. ಸಿಟ್ಟು ನೆತ್ತಿಗೇರಿತು. ಮ್ಯಾನೇಜರನ ಕುತ್ತಿಗೆಗೆ ಹಗ್ಗ ಹಾಕಿ ಟೆಂಪೋದ ಹಿಂದೆ ಕೂರಿಸಿಕೊಂಡು, ನನಗೆ ಕಲ್ಲು ಕೊಡುತ್ತಿದ್ದವನ ಅಂಗಳಕ್ಕೆ ಹೋದೆ. ಬೈಪಾಸಿನ ಪಕ್ಕದ ಆ ಕಲ್ಲು ಕೊಯ್ಯುವವನು, ನಿನಗೂ ಗೊತ್ತು, ಒಮ್ಮೆ ನಿನಗೆ ರುಬ್ಬುವ ಕಲ್ಲನ್ನು ಹೊರೆ ಹೊತ್ತು ತಂದುಕೊಟ್ಟವನು. ‘ನಾಲ್ಕು ದಿನ ನೋಡ್ಕೊಳಪ್ಪ, ಆಮೇಲೆ ಬಂದು ಕರ್ಕೊಂಡು ಹೋಗ್ತೀನಿ’ ಎಂದು ಹೇಳಿ ಬಂದೆ. ನಾಲ್ಕು ದಿನ ಎಂಬುದು ನನ್ನ ಮನಸ್ಸಿನಲ್ಲಿ ನಿಜವಾಗಿಯೂ ಇತ್ತು. ಅದನ್ನು ನೀನು ನಂಬಲೇಬೇಕು ಎಂದು ಕೇಳುವ ಮುಖ ನನಗಿಲ್ಲ.

ನಿನಗೆ ಹೇಳಿಯೇ ಬಿಡಬೇಕು, ಬೈದರೆ ಬೈಸಿಕೊಳ್ಳಬೇಕು ಎಂದುಕೊಂಡೇ ಸಂಜೆ ಮನೆಗೆ ಬಂದೆ. ನೀನು ಗೇಟಿನ ಹತ್ತಿರ ನಿಂತಿದ್ದೆ. ಕೈಚೀಲ ಇನ್ನೂ ತೋಳಲ್ಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ನೀನು ಕೇಳಿದೆ, ‘ರೀ, ಮ್ಯಾನೇಜರ್ ಕಾಣ್ತಿಲ್ಲ. ನಾನು ಹೋಗುವಾಗ ಗೇಟ್ ಹಾಕಿದ್ನಾ?’

ನಾನು ಹ್ಞೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ಚಪ್ಪಲಿ ಬಿಡುತ್ತ ನಿಂತೆ. ಸುಳ್ಳನ್ನು ನಾನು ಹೆಣೆಯಬೇಕಾಗಿಯೇ ಬರಲಿಲ್ಲ, ನೀನೇ ಹೊಲಿದು ನನ್ನ ಅಳತೆಗೆ ಕೊಟ್ಟೆ. ನಾನು ತೊಟ್ಟುಕೊಂಡೆ.

ನಾನು ಊಟಕ್ಕೆ ಬಂದಾಗ ಗೇಟು ಹಾಕಿತ್ತು, ಇವಳೇ. ಚಿಲಕ ಹಾಕಿತ್ತು. ಚಿಲಕ ಸಡಿಲವೆಂದು ನೀನು ಕಟ್ಟಿದ್ದ ಆ ಹಸಿರು ಬಟ್ಟೆಯ ಕುಣಿಕೆಯೂ ಮೊಳೆಗೆ ಸಿಕ್ಕಿಸಿತ್ತು. ಮತ್ತೆ ಹೊರಡುವಾಗ ಒಂದು ಕೈಯಲ್ಲಿ ನಾಯಿಯ ಹಗ್ಗ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಆ ಕುಣಿಕೆ ಬಿಡಿಸಲು ಬಾರದೆ ನಾನು ಅದನ್ನೂ ಬೈದೆ. ಅವತ್ತು ಗೇಟು ತೆಗೆದು ಹಾಗೇ ಬಿಟ್ಟು ಹೋದವನು ನಾನು. ಎರಡು ವರ್ಷದಿಂದ ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ, ಬರೆದದ್ದು ಇವತ್ತೇ.

ಎಂಜಿನಿಯರು ಮಾರನೆಯ ದಿನ ಬರಲಿಲ್ಲ, ಐದನೆಯ ದಿನ ಬಂದ. ನೆಲ ನೋಡಿ ತಲೆಯಾಡಿಸಿದ. ಮುಂದಿನ ವಾರ ಮಾಲೀಕರನ್ನೂ ಕರೆತರುತ್ತೇನೆ ಎಂದ. ನಾಲ್ಕು ದಿನ ಹೋಗಿ ಹತ್ತು ದಿನವಾಯಿತು. ಆ ಹತ್ತು ದಿನ ನೀನು ಬೀದಿ ಬೀದಿ ಅಲೆದೆ. ನಿನ್ನ ಜೊತೆ ನಾನೂ ಅಲೆದೆ. ‘ಮ್ಯಾನೇಜರ್, ಬಾರೋ ಮ್ಯಾನೇಜರ್’ ಎಂದು ನಿನಗಿಂತ ಜೋರಾಗಿ ಕೂಗಿದವನು ನಾನೇ. ಅವನು ಆ ಬೀದಿಗಳಲ್ಲಿ ಇಲ್ಲವೆಂದು ಗೊತ್ತಿದ್ದೂ ಕೂಗಿದೆ. ನಿನ್ನ ಧ್ವನಿ ಕಟ್ಟಿ ಹೋದಾಗ ‘ನೀನು ಸುಮ್ನಿರು, ನಾನು ಕೂಗ್ತೀನಿ’ ಎಂದೆ. ನೀನು ನನ್ನ ತೋಳು ಹಿಡಿದುಕೊಂಡು, ‘ನೀವಿಲ್ದಿದ್ರೆ ನಾನೇನ್ ಮಾಡ್ತಿದ್ದೆ’ ಎಂದೆ. ನನ್ನ ಜೀವನದಲ್ಲಿ ನಾನು ಅಷ್ಟು ನಾಚಿಕೆಪಟ್ಟದ್ದು ಬೇರೆ ಯಾವತ್ತೂ ಇಲ್ಲ. ಆದರೂ ಬಾಯಿ ಬಿಡಲಿಲ್ಲ.

ನೀನು ರಟ್ಟಿನ ಮೇಲೆ ಕಾಗದ ಅಂಟಿಸಿ, ಅವನ ಚಿತ್ರ ಬರೆದು, ‘ನನ್ನ ತಪ್ಪಿನಿಂದ ಕಳೆದುಹೋಗಿದ್ದಾನೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಹನ್ನೆರಡು ಫಲಕ ಮಾಡಿದೆ. ಹಚ್ಚಿದವನು ನಾನು. ಗೋಂದು ಮುಗಿದು ಹೋಗಿ ಕೊನೆಯ ಒಂದನ್ನು ಟೈಲ್ಸಿನ ಅಂಟಿನಲ್ಲಿ ಹಚ್ಚಿದೆ, ಹಾಲಿನ ಅಂಗಡಿಯ ಪಕ್ಕದ ಗೋಡೆಗೆ. ಉಳಿದ ಹನ್ನೊಂದು ಮಳೆಗೆ ಬಿಸಿಲಿಗೆ ಹೋದವು. ಅದೊಂದು ಇವತ್ತಿಗೂ ಇದೆ. ಚಿತ್ರ ಮಾಸಿದೆ, ಅಕ್ಷರ ಮಾಸಿಲ್ಲ. ದಿನಾ ಬೆಳಗ್ಗೆ ಹಾಲಿಗೆ ಹೋದಾಗ ಅದನ್ನು ಓದಿಕೊಂಡೇ ಬರುತ್ತೇನೆ.

ಹದಿನೇಳನೆಯ ದಿನ ಮ್ಯಾನೇಜರನನ್ನು ಕರೆತರಲು ಹೋದೆ. ದಾರಿಯಲ್ಲಿ ಸಿಕ್ಕ ಎಂದು ಹೇಳುವುದೆಂದು ಲೆಕ್ಕ ಹಾಕಿದ್ದೆ. ಬೈಪಾಸಿನ ಅಂಗಳ ಖಾಲಿ. ಜಾಗದ ಗಡುವು ಮುಗಿದು ಕಲ್ಲಿನವನು ಯಂತ್ರ, ತಾಯಿ, ಸಾಮಾನು ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದ. ಫೋನು ಸತ್ತಿತ್ತು. ಎರಡು ಕಡೆ ವಿಚಾರಿಸಿದೆ. ಮೂರನೆಯ ಕಡೆ ವಿಚಾರಿಸಲಿಲ್ಲ. ಸುಸ್ತಾಗಿ ಅಲ್ಲ. ಎಂದಾದರೂ ಅವನು ನಮ್ಮ ಮನೆಗೆ ಬಂದು ನಿನ್ನೆದುರು ‘ಮೇಸ್ತ್ರೀನೇ ಬಿಟ್ಟು ಹೋಗಿದ್ರಲ್ಲಮ್ಮಾ’ ಅಂದುಬಿಟ್ಟರೆ ಎಂಬ ಭಯ. ಅವನು ಸಿಗದಿರುವುದೇ ಒಳ್ಳೆಯದು ಎಂದು ನನ್ನ ಮನಸ್ಸು ಅವತ್ತು ಹೇಳಿತು. ಅದು ಹೇಳಿದ್ದನ್ನು ನಾನು ಕೇಳಿದೆ.

ಇಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಡೇಪಕ್ಷ ಹೆಗಲಾದರೂ ಮುಟ್ಟಿಕೊಳ್ಳುತ್ತಾನೆ. ನಾನು ಕುಂಬಳಕಾಯಿಯನ್ನೇ ನಿನ್ನ ಹೆಗಲಿಗೆ ಹೊರಿಸಿದೆ. ಹಾಲು ಉಕ್ಕಿದರೆ, ‘ಗೇಟ್ ಮರ್ತ ಹಾಗೇನಾ?’ ನೀನು ಅಂಗಿಗೆ ಗುಂಡಿ ಒಂದು ಕಡಿಮೆ ಹಾಕಿದರೆ, ‘ಗೇಟಮ್ಮ!’ ಮೊದಮೊದಲು ನೀನು ಅಳುತ್ತಿದ್ದೆ, ಆಮೇಲೆ ಸುಮ್ಮನಾದೆ. ಚಿಲಕವನ್ನು ನಾಲ್ಕು ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದೆ ಬರುತ್ತಿದ್ದೆ. ನಿನ್ನ ಕೈ ನಿನಗೇ ಅನುಮಾನವಾಗುವ ಹಾಗೆ ಮಾಡಿದವನು ನಾನು. ನೋಡುತ್ತ ಇದ್ದೆ, ಮತ್ತೂ ಹಾಗೇ ಮಾಡಿದೆ.

ಆಮೇಲೆ ಗುತ್ತಿಗೆ ಸಿಕ್ಕಿದ ಸಂತೋಷಕ್ಕೆ ಎಂಜಿನಿಯರನ್ನೂ ಅವನ ಮನೆಯವರನ್ನೂ ಊಟಕ್ಕೆ ಕರೆದಿದ್ದೆವಲ್ಲ. ಅವನ ಹೆಂಡತಿ ನೆಲ ಹೊಗಳಿ, ನಾಯಿ ಸಾಕಿಲ್ಲವೇ ಎಂದು ಕೇಳಿದಳು. ನಾನು, ‘ಇದ್ದ. ಇವಳ ಕೈಗೆ ಗೇಟ್ ಕೊಟ್ರೆ ನಾಯಿ ಏನು, ಮನೆನೇ ಎದ್ದು ಓಡಿಹೋಗುತ್ತೆ’ ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ನೀನು ಒಳಗೆ ಹೋದೆ, ನಾನು ಅದನ್ನು ಕಂಡೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನೀನು ಹೋದದ್ದು ಅದರ ನಾಲ್ಕನೆಯ ದಿನ. ಆಟೋ ಹತ್ತುವಾಗ ನೀನು ನನ್ನನ್ನು ಬೈಯಲೂ ಇಲ್ಲ. ‘ನನ್ನ ಕೈಯಲ್ಲಿ ಯಾವುದೂ ಉಳಿಯಲ್ಲ ರೀ. ನಿಮ್ಮ ಮನೆ ಆದ್ರೂ ಚೆನ್ನಾಗಿರ್ಲಿ’ ಎಂದೆ. ನಾನು ನಿನ್ನ ಹೊಲಿಗೆ ಯಂತ್ರವನ್ನು ಎತ್ತಿ ಆಟೋದಲ್ಲಿಟ್ಟೆ. ಕೆಲಸಕ್ಕೆ ತಡವಾಗುತ್ತಿದೆ ಎಂದು ಗಡಿಯಾರ ಕೂಡ ನೋಡಿಕೊಂಡೆ.

ಹನ್ನೊಂದು ದಿನದ ಹಿಂದೆ ನಿನ್ನ ಕೊನೆಯ ಸಾಲು ಓದಿದ ಮೇಲೆ ಮೊದಲು ಮಾಡಿದ ಕೆಲಸ, ಉಳಿ ಸುತ್ತಿಗೆ ತೆಗೆದುಕೊಂಡು ಹೋಗಿ ಆ ಫಲಕ ಕೀಳಲು ಕೂತದ್ದು. ನನ್ನ ಅಂಟು, ಎಲ್ಲಿ ಬಿಡುತ್ತದೆ. ಹಾಲಿನವರು ಹೊರಗೆ ಬಂದು, “ಏನ್ ಮೇಸ್ತ್ರಿ, ನಾಯಿ ಸಿಕ್ತಾ?” ಎಂದರು. ಹ್ಞೂಂ ಎಂದರೆ ಮುಗಿಯುತ್ತಿತ್ತು. ಯಾಕೋ ಬಾಯಿಗೆ ನಿಜವೇ ಬಂತು. “ಕಳೆದುಹೋಗಿರ್ಲಿಲ್ಲ. ನಾನೇ ಬಿಟ್ಟು ಬಂದಿದ್ದೆ” ಎಂದೆ. ಅವರು ಫಲಕವನ್ನು ಇನ್ನೊಮ್ಮೆ ಓದಿದರು. ದಿನಾ ಕೈಗೆ ಕೊಡುವ ಹಾಲಿನ ಪೊಟ್ಟಣವನ್ನು ಅವತ್ತು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಇನ್ನೂ ಹಾಗೇ ಇಡುತ್ತಿದ್ದಾರೆ.

ಆಮೇಲೆ ಮೂರನೆಯ ಕಡೆ ವಿಚಾರಿಸಲು ಹೋದೆ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಗುಮಾಸ್ತ ತಲೆ ಕೂಡ ಎತ್ತದೆ, ‘ಓ ಅವನಾ, ಕ್ವಾರಿ ಹಿಂದೆ ಮನೆ ಮಾಡ್ಕೊಂಡಿದ್ದಾನಲ್ಲ’ ಎಂದು ವಿಳಾಸ ಬರೆದುಕೊಟ್ಟ. ಎರಡು ವರ್ಷದ ಹಿಂದೆ ಕೇಳಿದ್ದರೂ ಅವನು ಹಾಗೆಯೇ ಕೊಡುತ್ತಿದ್ದ. 

ಮ್ಯಾನೇಜರ್ ಇದ್ದಾನೆ. ನಿನ್ನೆ ಹೋಗಿ ನೋಡಿ ಬಂದೆ. ಮೂತಿ ಬೆಳ್ಳಗಾಗಿದೆ, ಹಿಂಗಾಲು ಸ್ವಲ್ಪ ಎಳೆಯುತ್ತಾನೆ, ಬಲಗಡೆಯದು. ಅದು ನನ್ನ ಕೊಡುಗೆ. ಆ ಮನೆಯ ನೆಲ ಒಡೆದ ಕಲ್ಲಿನ ಚೂರುಗಳನ್ನು ಹೇಗೆ ಬೇಕೋ ಹಾಗೆ ಜೋಡಿಸಿದ್ದು. ಒಂದು ಸಂದೂ ನೆಟ್ಟಗಿಲ್ಲ, ನೋಡಿದರೆ ನನ್ನ ಗುರುಗಳು ಮೂರ್ಛೆ ಹೋಗುತ್ತಿದ್ದರು. ಅದರ ಮೇಲೆ ಅವನು ಕಿವಿ ಹಾರಿಸಿಕೊಂಡು ಓಡುತ್ತಾನೆ. ಕಲ್ಲಿನವನ ತಾಯಿಗೆ ಕಣ್ಣು ಮಂಜಾಗಿದೆ. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾಗಿಲಿಗೆ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಓಡಾಡುತ್ತಾರೆ. ‘ಮರಿ’ ಎಂದು ಕರೆಯುತ್ತಾರೆ. ನಾನು ಯಾರೆಂದು ಗೊತ್ತಾಗದೆ ಆ ತಾಯಿ, ‘ಯಾರೋ ಪುಣ್ಯಾತ್ಮ ನಾಲ್ಕು ದಿನ ಅಂತ ಬಿಟ್ಟು ಹೋದ ಕಣಪ್ಪ, ಬರ್ಲೇ ಇಲ್ಲ. ಬರ್ದೆ ಇದ್ದಿದ್ದೇ ನನ್ನ ಭಾಗ್ಯ’ ಎಂದರು. ಆ ಪುಣ್ಯಾತ್ಮ ಅವರ ಕೈಯಿಂದ ನೀರು ಇಸಿದುಕೊಂಡು ಕುಡಿದ.

ಕರೆದುಕೊಂಡು ಬಂದು ನಿನ್ನ ಗೇಟಿನ ಹತ್ತಿರ ಕಟ್ಟಿ ಹೋಗಬೇಕು ಎಂದು ಹೊರಟವನು ನಾನು. ಹಾಗೆ ಮಾಡಿದ್ದರೆ ಎಲ್ಲವನ್ನೂ ಸರಿಮಾಡಿದೆ ಎಂದು ಬೀಗುತ್ತಿದ್ದೆ. ಆ ಮುದುಕಿಯ ಕೈ ಅವನ ಬೆನ್ನ ಮೇಲಿರುವುದನ್ನು ಕಂಡು ಹಗ್ಗವನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಇನ್ನೊಬ್ಬರನ್ನು ಕೇಳದೆ ಆ ನಾಯಿಯನ್ನು ಒಂದು ಸಲ ಸಾಗಿಸಿದ್ದೇನೆ, ಸಾಕು. ಕಲ್ಲಿನವನನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆ. ಅವನು ಬೈದ, ಚೆನ್ನಾಗಿಯೇ ಬೈದ. ‘ನಿಮ್ಮಿಬ್ರಿಗೂ ಬೇಡವಾಯ್ತೇನೋ ಅಂದ್ಕೊಂಡೇ ಮನೆಗೆ ತಂದು ಬಿಡ್ಲಿಲ್ಲ’ ಅಂದ. ಆಮೇಲೆ, ‘ನಾಯಿ ಅಮ್ಮಾವ್ರದ್ದು. ಅವ್ರು ಬರ್ಲಿ, ನಮ್ಮಮ್ಮನ ಹತ್ರ ಕೂತು ಮಾತಾಡ್ಲಿ. ನೀವು ನಡುವೆ ಬರ್ಬೇಡಿ’ ಎಂದ. ವಿಳಾಸದ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಹೋಗುವುದು, ತರುವುದು, ಬಿಡುವುದು ಎಲ್ಲ ನಿನ್ನ ತೀರ್ಮಾನ.

ಈ ಕಾಗದವನ್ನು ನಿನ್ನ ತಂಗಿಗೂ ತೋರಿಸು. ನಿನ್ನ ಅಜಾಗರೂಕತೆಯ ಕಥೆಯನ್ನು ಅವಳಿಗೆ ಹೇಳಿದವನು ನಾನು. ಎಂಜಿನಿಯರಿಗೂ ಅವನ ಹೆಂಡತಿಗೂ ನಾಳೆ ನಾನೇ ಹೋಗಿ ಹೇಳುತ್ತೇನೆ. ಅವರೆದುರು ನಗಿಸಿದ್ದೆ, ಅವರೆದುರೇ ಹೇಳಬೇಕು.

ನಿನ್ನ ಪ್ಯಾಸೇಜಿನ ಕೆಲಸಕ್ಕೆ ನಾನು ಬರುತ್ತೇನೆ ಎನ್ನುವುದಿಲ್ಲ. ನನ್ನ ಹತ್ತಿರ ಕಲಿತವನೊಬ್ಬ ನಿನ್ನ ತಂಗಿಯ ಮನೆಯ ಹತ್ತಿರವೇ ಇದ್ದಾನೆ, ಮೊದಲ ಹಾಳೆಯ ಹಿಂದೆ ಅವನ ನಂಬರಿದೆ. ಕೈ ಶುದ್ಧ, ಮಾತು ಕಡಿಮೆ. ಟೈಲ್ಸು ಕೂರಿಸಿದ ದಿನ ನಾಯಿಗಳನ್ನು ಬೇರೆ ಕಡೆ ಕಟ್ಟು. ಒಂದು ಹಗಲು ಒಂದು ರಾತ್ರಿ ಯಾರೂ ಕಾಲಿಡಬಾರದು.

ಇನ್ನು ನಿನ್ನ ಕೊನೆಯ ಪ್ರಶ್ನೆ. ಸ್ಪ್ರಿಂಗ್ ಕೀಲು ಬೇಡ. ಅದು ಜೋರಾಗಿ ಬಡಿದುಕೊಳ್ಳುತ್ತದೆ, ಮೂರು ಕಾಲಿನವನು ದಾಟುವಷ್ಟರಲ್ಲಿ ಬಾಲಕ್ಕೆ ಹೊಡೆಯುತ್ತದೆ. ಮಾಮೂಲಿ ಚಿಲಕ ಸಾಕು. ನೀನು ಹಾಕಿದರೆ ಹಾಕಿದಂತೆಯೇ. ಇಪ್ಪತ್ತಾರು ವರ್ಷದಲ್ಲಿ ನೀನು ಒಂದು ಸಲವೂ ಗೇಟು ಮರೆತಿಲ್ಲ.

ಇಂತಿ,
ನೀನು ಲಕೋಟೆಯ ಮೇಲೆ ಬರೆದಿರುವ ಹಾಗೆ,
ಟೈಲ್ಸ್ ಮೇಸ್ತ್ರಿ

ಮರೆತಿದ್ದೆ: ನಿನ್ನ ಏಳು ಸಾಲಿನ ಕಾಗದವನ್ನೂ ವಾಪಸು ಇಟ್ಟಿದ್ದೇನೆ, ಅಳತೆ ಅದರಲ್ಲಿದೆ. ಅದರ ಒಂದು ಮೂಲೆ ಇಲ್ಲ, ಅಕ್ಷರವೂ ಅಲ್ಲಲ್ಲಿ ಕದಡಿದೆ. ನನ್ನ ಕಣ್ಣೀರು ಎಂದುಕೊಳ್ಳಬೇಡ, ನಾನು ಅಷ್ಟು ಒಳ್ಳೆಯವನಲ್ಲ. ನಿನ್ನೆ ಅಲ್ಲಿ ನಾನು ‘ಮ್ಯಾನೇಜರ್’ ಎಂದು ಕರೆದೆ. ತಲೆಯೆತ್ತಿ ನೋಡಿದ, ಬರಲಿಲ್ಲ. ಎರಡನೆಯ ಸಲ ಕರೆದರೆ ಮುಖ ತಿರುಗಿಸಿ ಆ ತಾಯಿಯ ಕಾಲಿಗೆ ಒರಗಿ ಮಲಗಿದ. ಆಮೇಲೆ ಹೊರಡುವಾಗ ವಿಳಾಸ ಸರಿಯಾಗಿದೆಯೇ ಎಂದು ನೋಡಲು ಜೇಬಿಗೆ ಕೈ ಹಾಕಿದೆ, ನಿನ್ನ ಕಾಗದ ಅದರ ಜೊತೆ ಹೊರಗೆ ಬಂತು. ಎಲ್ಲಿದ್ದನೋ, ಎದ್ದು ಓಡಿ ಬಂದು ಅದಕ್ಕೆ ಮೂಗು ಒತ್ತಿ ನಿಂತುಬಿಟ್ಟ. ನಿನ್ನ ಆ ಎರಡು ನಾಯಿಗಳ ವಾಸನೆಯೋ, ಬೆಕ್ಕಿನದೋ, ನಿನ್ನದೋ ನನಗೆ ತಿಳಿಯದು. ಎಳೆದರೆ ಬಿಡಲಿಲ್ಲ. ಮೂಲೆ ಅವನ ಬಾಯಲ್ಲೇ ಉಳಿಯಿತು. ನಾನು ಟೆಂಪೋ ಹತ್ತುವವರೆಗೂ ಅದನ್ನು ಕಚ್ಚಿಕೊಂಡು, ಗೇಟಿನ ಒಳಗೆ ಕೂತು, ನನ್ನ ಹಿಂದಿನಿಂದ ಇನ್ನು ಯಾರು ಬರುತ್ತಾರೆ ಎಂದು ರಸ್ತೆ ನೋಡುತ್ತಿದ್ದ.